ಮಲ್ಲಪ್ಪನವರಿಗೆ ನಾನು ಹಾಕಿದ ಕೊಂಡಿ

ಹೆಣ್ಣು ಗಂಡು ನೋಡಿ ಮದುವೆ ಮಾಡಿಸುವ ಪುಣ್ಯದ ಕೆಲಸ ನನ್ನಿಂದ ಈವರೆಗೆ ಒಂದೂ ಆಗಿಲ್ಲ. ನಮ್ಮ ಕಡೆ ಹೆಂಗಸರಿಗೆ ನಲವತ್ತು ದಾಟಿತೆಂದರೆ ಕೈಚೀಲದಲ್ಲಿ ಎರಡು ಜಾತಕವಾದರೂ ಇರಬೇಕು. ನನ್ನ ಚೀಲದಲ್ಲಿ ಲೈಬ್ರರಿಯ ಬೀಗದ ಕೈ ಮತ್ತು ಒಂದು ಕೊಡೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಆದರೂ ಒಬ್ಬ ಮರ್ಯಾದಸ್ಥ ಗೃಹಸ್ಥರಿಗೆ, ಅವರ ಕೈಹಿಡಿದ ಹೆಂಡತಿ ಗಟ್ಟಿಮುಟ್ಟಾಗಿ ಇರುವಾಗಲೇ, ಇನ್ನೊಬ್ಬ ಹೆಂಡತಿಯನ್ನು ಕಟ್ಟಿದವಳು ನಾನು. ಅದಕ್ಕೆ ಓಲಗವಿಲ್ಲ, ಅಕ್ಷತೆಯಿಲ್ಲ. ಕಾಫಿ ಕುಡಿಯುತ್ತಾ ಮೌಸಿನ ಗುಂಡಿ ಒಂದು ಸಲ ಒತ್ತಿದೆ, ಅಷ್ಟೇ.

ಹಾಸನದ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ತೊಂಬತ್ತರ ದಶಕದ ಮೊದಲಿಗೆ ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ, ಕಾರ್ಡುಗಳಿದ್ದವು. ಮರದ ಸಣ್ಣ ಸಣ್ಣ ಡ್ರಾಯರುಗಳಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು. ಅವುಗಳ ನಡುವೆ ‘ಇದನ್ನೂ ನೋಡಿ’ ಎಂಬ ಒಂದು ಜಾತಿಯ ಕಾರ್ಡು ಇರುತ್ತಿತ್ತು. ‘ಆಲೂಗಡ್ಡೆ’ ತೆಗೆದರೆ ‘ತರಕಾರಿ ಬೇಸಾಯ, ಇದನ್ನೂ ನೋಡಿ’ ಅನ್ನುತ್ತಿತ್ತು. ಅಲ್ಲಿಗೆ ಹೋದರೆ ‘ಗೊಬ್ಬರ, ಇದನ್ನೂ ನೋಡಿ’. ಗೊಬ್ಬರಕ್ಕೆ ಹೋದರೆ ಯಾರೋ ಪುಣ್ಯಾತ್ಮರು ‘ಆಲೂಗಡ್ಡೆ, ಇದನ್ನೂ ನೋಡಿ’ ಎಂದು ಬರೆದಿಟ್ಟಿರುತ್ತಿದ್ದರು. ಹೀಗೆ ಸುತ್ತಿ ಸುತ್ತಿ, ಪುಸ್ತಕ ಸಿಗದೆ, ಕೊಣನೂರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಆದ್ದರಿಂದ ಎರಡು ಸಾವಿರದ ಎಂಟರ ಸುಮಾರಿಗೆ ನಮ್ಮ ಪ್ರಿನ್ಸಿಪಾಲರು ಮೈಸೂರಿನ ಸೆಮಿನಾರಿನಿಂದ ಬಂದು, “ಹೊಸದೊಂದು ಬಂದಿದೆಯಮ್ಮಾ, ಎಲ್ಲವನ್ನೂ ಎಲ್ಲದಕ್ಕೂ ಜೋಡಿಸೋದು” ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ, ಸ್ವಲ್ಪ ಹೆಮ್ಮೆಯೇ ಆಯಿತು.

ಪ್ರಿನ್ಸಿಪಾಲರು ಮೂಲತಃ ಭೌತಶಾಸ್ತ್ರದವರು. ಯಾವುದನ್ನು ವಿವರಿಸಿದರೂ ಮೇಜಿನ ಮೇಲಿನ ಸಾಮಾನು ಜಾಗ ಬದಲಾಯಿಸುತ್ತದೆ. “ನೋಡಿ, ಇಷ್ಟು ದಿನ ಇಂಟರ್‌ನೆಟ್ಟಲ್ಲಿ ಏನಿತ್ತು? ಪುಟಕ್ಕೆ ಪುಟ ಅಂಟಿಸಿದ್ರು,” ಎಂದು ನನ್ನ ರಿಜಿಸ್ಟರಿನ ಮೇಲೆ ಹಾಜರಿ ಪುಸ್ತಕ ಇಟ್ಟರು. “ಇನ್ಮೇಲೆ ಪುಟ ಅಲ್ಲ, ಪದಾರ್ಥ! ಗೊರೂರು ಅನ್ನೋ ಊರಿಗೇ ಒಂದು ವಿಳಾಸ. ಹೇಮಾವತಿ ಹೊಳೆಗೊಂದು ವಿಳಾಸ. ನಿಮಗೊಂದು, ನನಗೊಂದು. ಮಧ್ಯೆ ಕೊಂಡಿ. ಆ ಕೊಂಡಿ ಸುಮ್ನಿರಲ್ಲ, ಮಾತಾಡತ್ತೆ. ಈ ಊರು ಈ ಹೊಳೆ ದಡದಲ್ಲಿದೆ, ಈ ಮನುಷ್ಯ ಈ ಊರಿನವನು ಅಂತ. ಇದೇ ಲಿಂಕ್ಡ್ ಡೇಟಾ. ಒಂದ್ಸಲ ಕೊಟ್ಟ ವಿಳಾಸ ಪ್ರಳಯ ಆದ್ರೂ ಬದಲಾಗ್ಬಾರ್ದು. ಆಗ ಪ್ರಪಂಚದ ಯಾವ ಮೂಲೆಯ ಕಂಪ್ಯೂಟರೂ ನಮ್ಮ ಮಾಹಿತೀನ ತಾನೇ ಓದ್ಕೊಂಡು ತನ್ನದಕ್ಕೆ ಜೋಡಿಸ್ಕೊಳ್ಳತ್ತೆ!” ಅಷ್ಟು ಹೊತ್ತಿಗೆ ನನ್ನ ಕಾಫಿ ಲೋಟ ಅವರ ಕೈಯಲ್ಲಿ ಹೇಮಾವತಿ ಹೊಳೆಯಾಗಿತ್ತು. ಕುಡಿದೇಬಿಟ್ಟರು.

ಮೊದಲು ಊರುಗಳಿಂದ ಶುರುಮಾಡಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕು ತಾಲ್ಲೂಕು ಸಾಕೆಂದುಕೊಂಡೆ. ಕಷ್ಟ ಅಲ್ಲಿಯೇ ತಿಳಿಯಿತು. ದೊಡ್ಡಗದ್ದವಳ್ಳಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಎರಡು ‘ಡಿ’ ಹಾಕಿದ್ದರು, ಇನ್ನೊಬ್ಬರು ಒಂದು ನುಂಗಿದ್ದರು, ಮತ್ತೊಬ್ಬರು ‘ಹಳ್ಳಿ’ ಸೇರಿಸಿದ್ದರು. ಕಂಪ್ಯೂಟರ್ ಇವೆಲ್ಲ ಬೇರೆ ಬೇರೆ ಊರು ಎಂದು ಹಠ ಹಿಡಿಯಿತು. ಒಂದೇ ಲಕ್ಷ್ಮೀದೇವಿ ಗುಡಿ ಏಕಕಾಲಕ್ಕೆ ಹಲವು ಊರುಗಳಲ್ಲಿ ಕಾಣಿಸಿಕೊಂಡಿತು. ಇದಕ್ಕೆ ಮದ್ದೆಂದರೆ ‘ಇವೆರಡೂ ಒಂದೇ’ ಎಂಬ ಕೊಂಡಿ. ಅದನ್ನು ಒತ್ತಿದರೆ ಎರಡು ಹೆಸರು ಸೇರಿ ಒಂದಾಗುತ್ತವೆ. ಒತ್ತುವುದರಲ್ಲಿ ಒಂದು ಸುಖವಿದೆ. ಜಗಳವಾಡಿದ ಅಣ್ಣತಮ್ಮಂದಿರನ್ನು ಕೂಡಿಸಿದ ಹಾಗೆ. ಒಂದು ತಿಂಗಳಲ್ಲಿ ನನಗೆ ಅದರ ಚಟ ಹತ್ತಿತು. ಪ್ರಿನ್ಸಿಪಾಲರು ಬಂದವರಿಗೆಲ್ಲ ಪರದೆ ತೋರಿಸಿ, “ನಮ್ಮ ಮೇಡಂ ಪ್ರಗತಿ ನೋಡಿ” ಎನ್ನುತ್ತಿದ್ದರು.

ಆ ಹೊತ್ತಿಗೆ ಕಾಲೇಜಿನ ಹಬ್ಬವೊಂದಕ್ಕಾಗಿ ಹಳೆಯ ವಿದ್ಯಾರ್ಥಿಗಳಿಂದ ಫಾರಂ ತುಂಬಿಸಿ ತರಿಸಿದ್ದರು. ಹೆಸರು, ಊರು, ಉದ್ಯೋಗ, ಮನೆಯವರ ಹೆಸರು, ಮಕ್ಕಳು. ಊರುಗಳಿಗೆ ಜನರನ್ನು ಜೋಡಿಸುವ ಕೆಲಸವೂ ನನಗೇ ಬಿತ್ತು. ಒಂದು ಮಧ್ಯಾಹ್ನ ಎರಡು ಫಾರಂ ಕೈಗೆ ಬಂದವು. ಎರಡರಲ್ಲೂ ಕೆ. ಎಸ್. ಮಲ್ಲಪ್ಪ. ಒಂದರಲ್ಲಿ ಕೊಣನೂರು, ಬಿತ್ತನೆ ಬೀಜದ ಅಂಗಡಿ, ಮನೆಯವರು ಗೌರಮ್ಮ, ಮಕ್ಕಳು ಇಬ್ಬರು. ಇನ್ನೊಂದರಲ್ಲಿ ಹೊಳೆನರಸೀಪುರ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮನೆಯವರು ಸರ್ವಮಂಗಳಾ, ಮಕ್ಕಳು ಮೂವರು. ‘ಇವರಿಬ್ಬರೂ ಒಬ್ಬರೇ?’ ಎಂದು ಕಂಪ್ಯೂಟರ್ ವಿನಯದಿಂದಲೇ ಕೇಳಿತು. ನಾನು ಯೋಚಿಸಲಿಲ್ಲವೆಂದು ಮಾತ್ರ ಯಾರೂ ಹೇಳಬಾರದು. ಯೋಚಿಸಿದೆ. ರಿಟೈರಾದ ಮೇಲೆ ಕೊಣನೂರಿನಲ್ಲಿ ಅಂಗಡಿ ಇಟ್ಟಿರಬೇಕು. ಗೌರಮ್ಮ ತವರಿನ ಹೆಸರು, ಸರ್ವಮಂಗಳಾ ಗಂಡನ ಮನೆಯಲ್ಲಿ ಇಟ್ಟ ಹೆಸರು, ನಮ್ಮ ಚಿಕ್ಕಮ್ಮನಿಗೂ ಹಾಗೇ ಆಗಿತ್ತು. ಮಕ್ಕಳ ಲೆಕ್ಕ ತಪ್ಪಿದ್ದಕ್ಕೆ ಗಂಡಸರ ಮರೆವು ಎಂದುಕೊಂಡೆ. ಒತ್ತಿಯೇಬಿಟ್ಟೆ.

ಎರಡು ತಿಂಗಳ ಮೇಲೆ ದಪ್ಪ ಮೀಸೆಯ, ಬಿಳಿ ಪಂಚೆಯ ಎತ್ತರದ ಆಸಾಮಿಯೊಬ್ಬರು ಲೈಬ್ರರಿಗೆ ಬಂದರು. ಹಿಂದೆ ಅವರ ಮಗಳು. ನಮ್ಮಲ್ಲೇ ಬಿ.ಎ. ಮಾಡಿದ ಶೋಭಾ ಎಂದು ಗುರುತು ಸಿಕ್ಕಿತು. ಆಸಾಮಿ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಕಾಲೇಜಿನ ವೆಬ್‌ಸೈಟಿನಲ್ಲಿದ್ದ ನನ್ನ ಪುಟವೇ. ಬ್ರೌಸಿಂಗ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ್ದು.

“ಮೇಡಮ್ಮೋರೆ, ನಾನು ಕೊಣನೂರು ಮಲ್ಲಪ್ಪ. ಇದ್ರಲ್ಲಿ ಸರ್ವಮಂಗಳಾ ಅಂತ ಬರ್ದವ್ರೆ. ಯಾರು ಇವ್ರು?”

“ನಿಮ್ಮ ಮನೆಯವರಲ್ವಾ ಸಾರ್?” ಎಂದೆ.

“ನಮ್ಮನೇಲೂ ಅದ್ನೇ ಕೇಳ್ತಾವ್ಳೆ ಕಣವ್ವಾ!”

ವಿಷಯ ಹೀಗೆ. ಶೋಭಾಳಿಗೆ ಚನ್ನರಾಯಪಟ್ಟಣದ ಕಡೆ ಗಂಡು ಗೊತ್ತಾಗಿತ್ತು. ಹುಡುಗ ಹೈಸ್ಕೂಲು ಮೇಷ್ಟ್ರು. ಇಬ್ಬರಿಗೂ ಮನಸ್ಸಾಗಿತ್ತು, ನಿಶ್ಚಿತಾರ್ಥದ ದಿನವೂ ಇಟ್ಟಿದ್ದರು. ಅಷ್ಟರಲ್ಲಿ ಹುಡುಗನ ಚಿಕ್ಕಪ್ಪ, ಹೊಸದಾಗಿ ಕಂಪ್ಯೂಟರ್ ಕಲಿತವರು, ಬೀಗರ ಹೆಸರು ಹಾಕಿ ಹುಡುಕಿದ್ದಾರೆ. ಇಬ್ಬರು ಹೆಂಡಿರು, ಐದು ಮಕ್ಕಳು, ಎರಡು ಊರಿನಲ್ಲಿ ಸಂಸಾರ ಎಲ್ಲ ಚೊಕ್ಕವಾಗಿ ಸಿಕ್ಕಿದೆ. ‘ಸದ್ಯಕ್ಕೆ ಬೇಡ, ಆಮೇಲೆ ನೋಡಣ’ ಎಂದು ಹೇಳಿಕಳಿಸಿದ್ದಾರೆ. ಗೌರಮ್ಮ ನಾಲ್ಕು ದಿನದಿಂದ ಗಂಡನ ಜೊತೆ ಮಾತಾಡಿಲ್ಲ.

ಅವರ ಎದುರಿಗೇ ಆ ಕೊಂಡಿ ಕಿತ್ತುಹಾಕಿ ಇಬ್ಬರನ್ನೂ ಬೇರೆ ಮಾಡಿದೆ. “ನೋಡಿ ಸಾರ್, ಸರಿಹೋಯ್ತು,” ಎಂದೆ. ಅಪ್ಪನ ಹಿಂದಿದ್ದ ಶೋಭಾ ಮುಂದೆ ಬಂದಳು. “ಮೇಡಂ, ಎರಡು ದಿನ ತಡವಾಗಿ ಪುಸ್ತಕ ತಂದಿದ್ದಕ್ಕೆ ನೀವು ನನ್ನನ್ನ ಎಲ್ಲರ ಮುಂದೆ ಬೈದಿದ್ರಿ. ಈಗ ನಾನೇನು ಮಾಡ್ಲಿ ಹೇಳಿ?” ಅವಳ ದನಿ ಏರಲಿಲ್ಲ. ಕಣ್ಣು ಮಾತ್ರ ತುಂಬಿತ್ತು. ಮುಂದಿನ ವಾರ ಮಲ್ಲಪ್ಪನವರು ಫೋನ್ ಮಾಡಿ, ಪುಟ ತಿದ್ದಿದ್ದನ್ನು ನೋಡಿದ ಚಿಕ್ಕಪ್ಪ ಏನೆಂದರು ಎಂದು ತಿಳಿಸಿದರು. “‘ತಪ್ಪಿತ್ತು ಅಂತ ಅಳ್ಸಿದ್ರೋ, ಸಿಕ್ಕಾಕ್ಕೊಂಡ್ರು ಅಂತ ಅಳ್ಸಿದ್ರೋ?’ ಅಂದ್ರಂತೆ ಮೇಡಮ್ಮೋರೆ.” ಮೊದಲಿದ್ದ ಸುಳ್ಳನ್ನು ನಂಬಿದವರು ಈಗಿನ ನಿಜವನ್ನು ಅನುಮಾನಿಸುತ್ತಿದ್ದರು.

ಉಳಿದದ್ದು ಒಂದೇ ದಾರಿ. ಇನ್ನೊಬ್ಬ ಮಲ್ಲಪ್ಪನವರನ್ನು ಹಿಡಿದು ತಂದು ತೋರಿಸುವುದು. ಭಾನುವಾರ ಹೊಳೆನರಸೀಪುರಕ್ಕೆ ಹೋದೆ. ಕೊಣನೂರಿನ ಮಲ್ಲಪ್ಪ ಮತ್ತು ಗೌರಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು, ಅವರಿಬ್ಬರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡು. ಡ್ರಾಯಿಂಗ್ ಮೇಷ್ಟ್ರ ಮನೆ ಕೋಟೆ ಬೀದಿಯ ಹಿಂದೆ. ಕುಳ್ಳಗೆ, ಬೋಳುತಲೆಯ, ಸದಾ ನಗುವ ಮನುಷ್ಯ. ನಾನು ತಡವರಿಸುತ್ತಾ ಕಥೆ ಹೇಳಿದೆ. ಅವರು ತೊಡೆ ತಟ್ಟಿ ನಕ್ಕರು. “ಅಂದ್ರೆ ಎರಡು ತಿಂಗ್ಳಿಂದ ನನ್ಗೂ ಇಬ್ರು ಹೆಂಡ್ರಾ? ಒಂದು ಮಾತು ತಿಳಿಸ್ಬಾರ್ದಿತ್ತಾ ಮೇಡಂ!” ಒಳಗಿನಿಂದ ಸರ್ವಮಂಗಳಮ್ಮ ಸೌಟು ಹಿಡಿದುಕೊಂಡೇ ಬಂದರು. “ಇರೋ ಒಬ್ರಿಗೆ ಒತ್ತೊತ್ತಿಗೆ ಕಾಫಿ ಕಾಸಿ ಸಾಕಾಗಿದೆ. ಕೊಣನೂರಲ್ಲೂ ಒಬ್ರನ್ನ ಕಟ್ಟಿದ್ರಾ ನಂಗೆ?” ಗೌರಮ್ಮ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಕೋಣೆಯಲ್ಲಿ ತೂಗುಹಾಕಿದ್ದ ಅವರ ಮದುವೆಯ ಫೋಟೋ ನೋಡಿದರು. ಅದರಲ್ಲಿ ಕುಳ್ಳ ಮೇಷ್ಟ್ರು ಸ್ಟೂಲಿನ ಮೇಲೆ ನಿಂತಿದ್ದು ಕಾಣುತ್ತಿತ್ತು. ಗೌರಮ್ಮನಿಗೆ ನಗು ತಡೆಯಲಾಗಲಿಲ್ಲ. ಹಾಗೇ ಗಂಡನ ಕಡೆ ತಿರುಗಿ, “ನೀರು ಕುಡೀರಿ, ಬಿಸ್ಲಲ್ಲಿ ಬಂದಿದೀರ,” ಎಂದರು. ಎಷ್ಟೋ ದಿನದ ಮೇಲೆ ಬಂದ ಮಾತು. ಮಲ್ಲಪ್ಪನವರು ಒಂದೇ ಗುಟುಕಿಗೆ ಚೊಂಬು ಬರಿದು ಮಾಡಿದರು.

ಐದು ಜನ ಬಾಡಿಗೆ ವ್ಯಾನಿನಲ್ಲಿ ಚನ್ನರಾಯಪಟ್ಟಣಕ್ಕೆ ಹೊರಟೆವು. ದಾರಿಯುದ್ದಕ್ಕೂ ಹೆಂಗಸರಿಬ್ಬರೂ ನನ್ನನ್ನು ಮಧ್ಯೆ ಕೂರಿಸಿಕೊಂಡು, ನನ್ನ ಮೇಲಿಂದಲೇ ಸೊಸೆಯರ ಸುದ್ದಿ ಮಾತಾಡಿದರು. ಹುಡುಗನ ಮನೆ ತಲುಪಿದಾಗ ಜಗಲಿಯ ಮೇಲೆ ಅವನ ಅಜ್ಜಿ ಕೂತಿದ್ದರು. ಆ ಮನೆಯಲ್ಲಿ ಕೊನೆಯ ಮಾತು ಅವರದೇ ಎಂದು ಅವರು ಎಲೆಯಡಿಕೆ ಕುಟ್ಟುವ ರೀತಿಯಿಂದಲೇ ತಿಳಿಯುತ್ತಿತ್ತು. ಚಿಕ್ಕಪ್ಪನವರು ಪ್ರಿಂಟ್ ಹಿಡಿದು ಪಕ್ಕದಲ್ಲಿ ನಿಂತರು.

ಅಜ್ಜಿ ಇಬ್ಬರು ಮಲ್ಲಪ್ಪಂದಿರನ್ನೂ ಅಂಗಳದಲ್ಲಿ ಜೊತೆಯಾಗಿ ನಿಲ್ಲಿಸಿದರು. ಒಬ್ಬರು ಇನ್ನೊಬ್ಬರ ಹೆಗಲಿಗೆ ಬರುತ್ತಿದ್ದರು. “ಇವ್ರಿಬ್ರೂ ಒಬ್ರೇ ಅಂದಿದ್ದಾ ನಿನ್ನ ಕಾಗ್ದ?” ಎಂದು ಮಗನನ್ನು ಕೇಳಿದರು. ಆಮೇಲೆ ಸರ್ವಮಂಗಳಮ್ಮನ ಕಡೆ ತಿರುಗಿ, “ನಿನ್ ಗಂಡ ಯಾರವ್ವಾ ಇದ್ರಲ್ಲಿ?”

“ಆ ಕುಳ್ಳಗಿರೋರು ಕಣಜ್ಜಿ.”

“ದಿಟವಾ?”

“ಇಷ್ಟು ವರ್ಷದಿಂದ ಅಂಗಂತ್ಲೇ ತಿಳ್ಕೊಂಡಿವ್ನಿ.”

ಅಂಗಳವೆಲ್ಲ ನಕ್ಕಿತು. ಚಿಕ್ಕಪ್ಪನವರು ಬಿಡಲಿಲ್ಲ. “ಆದ್ರೂ ಅವ್ವಾ, ಕಂಪ್ಯೂಟ್ರು ಸುಳ್ಳು ಯೋಳಲ್ಲ.” ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದರು. “ಅದ್ಕೆ ಯಾರ್ಲಾ ಯೋಳಿದ್ದು?”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ. “ನೀನೇನಾ ಬರ್ದೋಳು? ಓದಿದೀಯಾ?” “ಎಂ.ಲಿಬ್. ಆಗಿದೆ ಅಜ್ಜಿ.” ಅದು ಯಾವ ಕಾಯಿಲೆಯೋ ಎಂಬಂತೆ ಅಜ್ಜಿ ಮರುಕದಿಂದ ನೋಡಿ ಕೇಳಿದರು. “ಅಷ್ಟು ಓದ್ದೋಳು, ಒಂದು ಕಾರ್ಡು ಬರ್ದು ಕೇಳ್ಬೋದಿತ್ತಲ್ಲವ್ವಾ, ನಿಮ್ಗೆ ಇಬ್ರು ಎಂಡ್ರಾ ಅಂತ?” ನಾನು ಮತ್ತೆ ಸೆರಗು ಸರಿಮಾಡಿಕೊಂಡೆ. ಅಜ್ಜಿ ಮೊಮ್ಮಗನನ್ನು ಕರೆದು, “ಓಗ್ಲಾ, ಒಳಿಕ್ಕೆ ಓಗಿ ಪಾನಕ ಮಾಡಕ್ಕೇಳು, ಬೀಗ್ರು ಬಂದವ್ರೆ,” ಎಂದರು. ಆ ಒಂದು ಪದಕ್ಕೆ ಕೊಣನೂರು ಮಲ್ಲಪ್ಪನವರು ಅಂಗಳದಲ್ಲೇ ಕಣ್ಣೊರೆಸಿಕೊಂಡರು. ನಾನೂ ಅತ್ತ ತಿರುಗಿ ಅದೇ ಕೆಲಸ ಮಾಡಿದೆ.

ಮದುವೆ ಚೆನ್ನಾಗಿಯೇ ಆಯಿತು. ಮಂಟಪದ ಚಿತ್ತಾರವೆಲ್ಲ ಡ್ರಾಯಿಂಗ್ ಮೇಷ್ಟ್ರದು. ಮಲ್ಲಪ್ಪಂದಿರಿಬ್ಬರೂ ಎಷ್ಟು ಗೆಳೆಯರಾದರೆಂದರೆ ವಾರಕ್ಕೊಮ್ಮೆ ಒಬ್ಬರು ಇನ್ನೊಬ್ಬರ ಊರಿಗೆ ಹೋಗುತ್ತಿದ್ದರು. ಶೋಭಾ ನನ್ನನ್ನು ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸಿ, “ಮೇಡಂ, ನನ್ನ ಗಂಡನ ಹೆಸರಿನವರು ಇನ್ಯಾರಾದ್ರೂ ಇದ್ರೆ ದಯವಿಟ್ಟು ಹಾಗೇ ಬಿಡಿ,” ಎಂದು ಬೇಡಿಕೊಂಡಳು. ಲೈಬ್ರರಿಗೆ ಬಂದವಳೇ ನಾನು ಇಬ್ಬರು ಮಲ್ಲಪ್ಪಂದಿರ ನಡುವೆ ಹೊಸ ಕೊಂಡಿ ಹಾಕಿದೆ. ‘ಇವರು ಅವರನ್ನು ಬಲ್ಲರು’ ಎಂದು. ಈ ಸಲ ಇಬ್ಬರಿಗೂ ಫೋನ್ ಮಾಡಿ ಕೇಳಿಯೇ ಹಾಕಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಮುಂದಿನ ವರ್ಷ ಕಾಲೇಜಿನ ವೆಬ್‌ಸೈಟನ್ನು ಹೊಸಬರಿಗೆ ವಹಿಸಿದರು. ಅವರು ಬಣ್ಣ ಬಣ್ಣದ ಹೂವಿನ ನಡುವೆ ಪ್ರಿನ್ಸಿಪಾಲರ ಫೋಟೋ ಹಾಕಿದರು, ನನ್ನ ವಿಳಾಸಗಳನ್ನೆಲ್ಲ ತೆಗೆದರು. ಪ್ರಳಯಕ್ಕೂ ಬದಲಾಗಬಾರದಿದ್ದ ವಿಳಾಸಗಳು ಒಂದು ಟೆಂಡರಿಗೆ ಹೋದವು. ನಾಲ್ಕು ತಾಲ್ಲೂಕು, ಹೊಳೆ, ಗುಡಿ, ಎರಡೂ ಮಲ್ಲಪ್ಪ, ಎಲ್ಲ ಮಾಯ. ದುಃಖದ ಜೊತೆಗೆ ಒಂದು ನಿರಾಳವೂ ಆಗಿತ್ತು, ಕೊಣನೂರಿನಿಂದ ಫೋನ್ ಬರುವವರೆಗೆ. “ಮೇಡಮ್ಮೋರೆ, ಅಳಿಮಯ್ಯ ನೋಡಿದ್ರಂತೆ. ಯಾವ್ದೋ ಪರದೇಶದ ಸೈಟ್ನಲ್ಲಿ ನಂಗಿನ್ನೂ ಇಬ್ರು ಎಂಡ್ರು ಅವ್ರಂತೆ.” ನಿಜವಾಗಿತ್ತು. ಎಲ್ಲ ಕಡೆಯ ಮಾಹಿತಿ ಒಟ್ಟುಮಾಡುವ ಯಾರೋ, ನಾನು ತಪ್ಪು ಮಾಡಿದ್ದ ಆ ಎರಡು ತಿಂಗಳಲ್ಲೇ ನಮ್ಮದನ್ನು ನಕಲು ತೆಗೆದುಕೊಂಡಿದ್ದರು. ತಿದ್ದಿದ್ದು ಅಳಿದಿತ್ತು, ತಪ್ಪು ಬದುಕಿತ್ತು. “ಬಿಡಿ ಮೇಡಮ್ಮೋರೆ, ಆ ದೇಶುಕ್ಕೆ ನಾವು ಎಣ್ಣು ಕೊಡಾದು ಇಲ್ಲ, ತರಾದು ಇಲ್ಲ,” ಎಂದು ಮಲ್ಲಪ್ಪನವರೇ ನನಗೆ ಸಮಾಧಾನ ಹೇಳಿದರು.

ನಾನು ಬಿಡಲಿಲ್ಲ. ಆ ಪರದೇಶದ ಸೈಟಿನವರಿಗೆ ಪತ್ರ ಬರೆದೆ. ತುಂಬ ಮರ್ಯಾದೆಯ ಉತ್ತರ ಬಂತು. ಆ ಮಾಹಿತಿ ನಂಬಿಕಸ್ಥ ಮೂಲದಿಂದ ಬಂದದ್ದು, ಅದನ್ನು ತೆಗೆಯಬೇಕಾದರೆ ಅಷ್ಟೇ ನಂಬಿಕಸ್ಥ ಇನ್ನೊಂದು ಮೂಲ ಬೇಕು, ಎಂದು. ಕೆಳಗೆ ಆ ಮೂಲದ ಹೆಸರೂ ಇತ್ತು. ನನ್ನದೇ ಹೆಸರು, ಹುದ್ದೆಯ ಸಮೇತ. ನಮ್ಮ ಯಜಮಾನರಿಗೆ ಓದಿ ಹೇಳಿದೆ. ನಾನು ಬಾಗಿಲಿಗೆ ಬೀಗ ಹಾಕಿ ಬಂದರೂ ವಾಪಸ್ಸು ಹೋಗಿ ಎಳೆದು ನೋಡುವವರು ಅವರು. “ಪಾಪ, ಅವ್ರಿಗೆ ನಿನ್ನ ಪರಿಚಯ ಇಲ್ಲ,” ಎಂದರು. ರೇಗಿಹೋಗಿ, ಆ ಗ್ರಂಥಪಾಲಕಿ ನಾನೇ, ತಪ್ಪು ನನ್ನದೇ, ದಯವಿಟ್ಟು ತೆಗೆಯಿರಿ ಎಂದು ಮತ್ತೆ ಬರೆದೆ. ಕಾಲೇಜಿನ ಹಳೆಯ ಇಮೇಲ್ ವೆಬ್‌ಸೈಟಿನ ಜೊತೆಗೇ ಹೋಗಿದ್ದರಿಂದ ಮನೆಯ ಇಮೇಲಿನಿಂದ ಕಳಿಸಿದೆ. ಮಾರನೆಯ ದಿನವೇ ಉತ್ತರ ಬಂತು, ಒಂದೇ ಸಾಲು. ‘ಪತ್ರ ಬರೆದ ತಾವೂ ಆ ಗ್ರಂಥಪಾಲಕಿಯೂ ಒಬ್ಬರೇ ಎಂಬುದಕ್ಕೆ ಆಧಾರವೇನು?’

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ಎಚ್ಚರವಿರುವ ಗ್ರಂಥಪಾಲಕಿ ಹಾಸನದಲ್ಲೂ ಒಬ್ಬಳು ಇರಬೇಕಿತ್ತು ಅನ್ನಿಸಿತು.