ಹುರುಳಿ ಮೇಲೊಂದು ಡ್ರಿಫ್ಟಿಂಗ್

ಕಾರು ಓಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಉಳಿದವರಿಗೆ ಗೊತ್ತಾಗಲು ಒಂದು ಕಾರು ಬೇಕಿತ್ತು, ಅಷ್ಟೇ.

ಅದೂ ಕೈಗೆ ಬರುವ ಹಾಗಿತ್ತು. ನಿಟ್ಟೂರಿನ ನಮ್ಮ ಮಾವನವರಿಗೆ ಕಣ್ಣು ಮಂಜಾಗಿ, ತಮ್ಮ ಬಿಳಿ ಕಾರನ್ನು ತುಮಕೂರಿನಲ್ಲಿದ್ದ ನಮಗೆ ಕೊಡುವ ಮನಸ್ಸು ಮಾಡಿದ್ದರು. "ಸಂಕ್ರಾಂತಿಗೆ ಬನ್ನಿ ಅಳಿಯಂದ್ರೇ, ಒಂದೆರಡು ದಿನ ಓಡ್ಸಿ. ನಂಗೆ ಧೈರ್ಯ ಬಂದ್ರೆ ಕೀ ನಿಮ್ದೇ" ಎಂದರು.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ನಾನು ನಟ್ಟು ಕೇಳಿದವರಿಗೆ ಬೋಲ್ಟು ಕೊಟ್ಟೆ. ಸಂಜೆಯಾದರೆ ಸೀದಾ ಬ್ರೌಸಿಂಗ್ ಸೆಂಟರ್. ಅಲ್ಲಿ ನಿಂತು ನಿಂತು ಬರುವ ವಿಡಿಯೊಗಳಲ್ಲಿ ಯಾರೋ ಪುಣ್ಯಾತ್ಮರು ಕಾರನ್ನು ಅಡ್ಡಡ್ಡ ಜಾರಿಸುತ್ತಿದ್ದರು. ಅದಕ್ಕೆ ಡ್ರಿಫ್ಟಿಂಗ್ ಎನ್ನುತ್ತಾರಂತೆ. ಮಾವನ ಕಾರಿನ ಹಾಗೆ ಇಂಜಿನ್ನು ಮುಂದಿನ ಚಕ್ರಗಳನ್ನು ಮಾತ್ರ ತಿರುಗಿಸುವ ಕಾರುಗಳಲ್ಲಿ ಇದು ಕಷ್ಟ. ಹಿಂದಿನ ಚಕ್ರಗಳು ಸುಮ್ಮನೆ ಬಾಲದಂತೆ ಬರುತ್ತವೆ, ಅವನ್ನು ಉಪಾಯವಾಗಿ ಜಾರಿಸಬೇಕು. ತಿರುವಿನಲ್ಲಿ ತಟ್ಟನೆ ಆಕ್ಸಿಲರೇಟರ್ ಬಿಡಬೇಕು, ಅದಕ್ಕೂ ಬಗ್ಗದಿದ್ದರೆ ಹ್ಯಾಂಡ್ ಬ್ರೇಕ್ ಎಳೆಯಬೇಕು. ಅಡುಗೆಮನೆಯ ಸ್ಟೂಲ್ ಮೇಲೆ ಕೂತು, ಲಟ್ಟಣಿಗೆಯನ್ನೇ ಹ್ಯಾಂಡ್ ಬ್ರೇಕ್ ಮಾಡಿಕೊಂಡು ಅಭ್ಯಾಸ ಶುರು ಮಾಡಿದೆ.

"ಚಪಾತಿ ಆಗ್ಬೇಕೋ ಬೇಡ್ವೋ?" ಎಂದಳು ಹೆಂಡತಿ ಸುಧಾ.

ಸುಧಾಳಿಗೂ ಲೈಸೆನ್ಸ್ ಇತ್ತು. ಆದರೆ ಅವಳು ಓಡಿಸಿದರೆ ಎತ್ತಿನ ಗಾಡಿಯವರೂ ಹಿಂದಿನಿಂದ ದಾರಿ ಕೇಳುತ್ತಿದ್ದರು. ಹಾಗಾಗಿ ಅವಳನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ, ಟೈರಿಗೆ ಗಾಳಿ ಹಿಡಿಸುವ ನೆಪ ಹೇಳಿ ಕಾರು ಹೊರಡಿಸಿದೆ. ಸುಧಾ ತಾನೂ ಹತ್ತಿ ಕೂತಳು. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಊರ ಹೊರಗಿನ ಮೊದಲ ತಿರುವಿನಲ್ಲಿ ಗಂಭೀರವಾಗಿ ಆಕ್ಸಿಲರೇಟರ್ ಬಿಟ್ಟೆ. ಕಾರು ನಿಧಾನವಾಯಿತು. ಬೇರೇನೂ ಆಗಲಿಲ್ಲ.

"ಯಾಕ್ರೀ, ಪೆಟ್ರೋಲ್ ಖಾಲಿನಾ?"

"ಸುಮ್ನಿರೇ, ಇದು ಟೆಕ್ನಿಕ್."

ಎರಡನೇ ತಿರುವಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದೆ. ಹಳೇ ಬಾಗಿಲು ತೆಗೆದಂಥ ಶಬ್ದ ಬಂತು. ಡಿಕ್ಕಿಯಲ್ಲಿದ್ದ ಮಾವನ ತೆಂಗಿನಕಾಯಿಗಳು ಮಾತ್ರ ಡ್ರಿಫ್ಟ್ ಆದವು.

ಮೂರನೇ ತಿರುವಿನಲ್ಲಿ ರೋಡಿನ ತುಂಬ ಹುರುಳಿ ಗಿಡ ಹರಡಿತ್ತು. ಕೊಯ್ಲಾದ ಮೇಲೆ ನಮ್ಮ ಕಡೆ ಹೀಗೆ ಹರಡುವುದು ವಾಡಿಕೆ. ಬಸ್ಸು ಲಾರಿ ಹತ್ತಿ ಹತ್ತಿ ಕಾಳು ಉದುರುತ್ತದೆ, ಒಕ್ಕಣೆ ಪುಕ್ಕಟೆ ಆಗುತ್ತದೆ. ಹುರುಳಿಯವರು ಹುಣಸೆ ಮರದ ಕೆಳಗೆ ಊಟಕ್ಕೆ ಕೂತಿದ್ದರು. ರೋಡಿನಲ್ಲಿ ನರಪಿಳ್ಳೆಯಿಲ್ಲ.

"ರೀ, ಹುರುಳಿ ಜಾರುತ್ತೆ, ನಿಧಾನ."

"ಜಾರ್ಲಿ ಅಂತಾನೇ ಬಂದಿರೋದು."

ಎಳೆದೆ. ಕಾರಿನ ಹಿಂಭಾಗ ಬೀಸಿಕೊಂಡು ಪಕ್ಕಕ್ಕೆ ಬಂತು. ಒಂದು ಕ್ಷಣ ನಾನು ಆ ವಿಡಿಯೊ ಒಳಗೇ ಇದ್ದೆ. ಆಮೇಲೆ ಹುಣಸೆ ಮರ ಎಡಗಡೆ ಬಂತು, ಬಲಗಡೆ ಬಂತು, ಮತ್ತೆ ಎಡಗಡೆ ಬಂತು. ಸುಧಾ "ಅಪ್ಪಾ" ಎಂದಳು. ಅಂಥ ಹೊತ್ತಿನಲ್ಲಿ ಅವಳಿಗೆ ಗಂಡನ ನೆನಪಾಗಲಿಲ್ಲ. ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿತು. ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದೆ, ಹ್ಯಾಂಡ್ ಬ್ರೇಕ್ ಇಳಿಸುವುದು ಮರೆತಿದ್ದೆ. ಮುಂದಿನ ಚಕ್ರಗಳು ನಿಂತಲ್ಲೇ ಗರಗರ ತಿರುಗಿ ಕಾಳು ಚಿಮ್ಮಿದವು.

ಹುರುಳಿಯ ಒಡತಿ ಗಂಗಕ್ಕ ಮುದ್ದೆ ಕೈಯಲ್ಲೇ ಓಡಿ ಬಂದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ನಿಲ್ಲುಸ್ಬ್ಯಾಡಿ ಸಾಮಿ. ಬೆಳಗ್ಗಿಂದ ಅಷ್ಟು ಬಸ್ ಹೋದ್ರೂ ಇಂಗೆ ಕಾಳು ಉದುರಿಲ್ಲ. ಆ ಕಡೀಕೂ ಒಂದ್ ಸುತ್ತು ತಿರುಗ್ಸಿ ಬುಡಿ."

ಮೆಚ್ಚಿ ಕೇಳಿದರೆ ಇಲ್ಲವೆನ್ನಲು ಆಗುತ್ತದೆಯೇ? ಸುಧಾ ಇಳಿದು, ಅಪ್ಪನಿಗೆ ಫೋನ್ ಹಚ್ಚುತ್ತ ಹುಣಸೆ ಮರದ ಕಡೆ ಹೋದಳು, ನಾನು ತಿರುಗಿಸಿದೆ. ಬಳ್ಳಿ ಚಕ್ರಗಳಿಗೆ ಸುತ್ತಿಕೊಂಡಿತು, ಸುಟ್ಟ ವಾಸನೆ ಬಂತು, ಕಾರು ಅಲ್ಲಾಡದಾಯಿತು. ಗಂಗಕ್ಕನ ಮಕ್ಕಳು ಕುಡುಗೋಲು ಹಿಡಿದು ಕಾರಿನ ಕೆಳಗೆ ಮಲಗಿ ಬಳ್ಳಿ ಕೊಯ್ಯುತ್ತಿದ್ದಾಗ, ಯಾರದೋ ಮೊಪೆಡ್ ಹಿಂದೆ ಕೂತು ಮಾವನವರು ಬಂದಿಳಿದರು.

ಅವರ ಕಣ್ಣು ಮಂಜು ಎಂದು ನಂಬಿಕೊಂಡಿದ್ದೆ. ಹುರುಳಿ ಮೇಲೆ ಗುಂಡಗೆ ಬಿದ್ದಿದ್ದ ಚಕ್ರದ ಗುರುತು ಅವರಿಗೆ ಚೆನ್ನಾಗಿಯೇ ಕಂಡಿತು.

"ಗಾಳಿ ಹಿಡಿಸ್ಕೊಂಡ್ ಬರಕ್ಕೆ ಹೋಗಿದ್ರಲ್ವಾ ಅಳಿಯಂದ್ರೇ?"

"ಹೂಂ ಮಾವ, ಹಂಗೇ ಬ್ರೇಕ್ ಟೆಸ್ಟ್ ಮಾಡ್ತಿದ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೀ ತೆಗೆದು ಸುಧಾಳ ಕೈಗಿಟ್ಟರು. "ಕಾರು ನಿಂದು ಕಣಮ್ಮ, ನೀನೇ ಓಡಿಸ್ಕೊಂಡ್ ಹೋಗು. ಅವ್ರು ಹಿಂದುಗಡೆ ಕೂತ್ಕೊಳ್ಲಿ. ಮುಂದೆ ಕೂತ್ರೆ ಹ್ಯಾಂಡ್ ಬ್ರೇಕ್ ಕೈಗೆ ಸಿಗುತ್ತೆ."

ಡಿಕ್ಕಿಯಿಂದ ಹಿಂದಿನ ಸೀಟಿಗೆ ಹಾರಿ ಬಿದ್ದಿದ್ದ ತೆಂಗಿನಕಾಯಿಗಳ ಜೊತೆ ತುಮಕೂರಿಗೆ ಬಂದೆ. ಗುಬ್ಬಿ ದಾಟುವಾಗ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನನ್ನ ಮುಖವನ್ನೇ ನೋಡಿದ.

ಅಂದಿನಿಂದ ಕೀ ಇರುವುದು ಸುಧಾಳ ಪರ್ಸಿನಲ್ಲಿ. ವರ್ಷಕ್ಕೊಂದು ಸಲ ಮಾತ್ರ ಮಾವನವರು ಫೋನ್ ಮಾಡುತ್ತಿದ್ದರು: "ಗಂಗಕ್ಕ ಹುರುಳಿ ಹರಡವ್ಳೆ. ಅಳಿಯಂದ್ರ ಕೈಗೆ ಕೀ ಕೊಟ್ಟು ಕಳ್ಸಮ್ಮ." ನಾನು ರಜೆ ಹಾಕಿ ಓಡುತ್ತಿದ್ದೆ. ಗಂಗಕ್ಕ ಹೇಳಿದ ಕಡೆ, ಹೇಳಿದಷ್ಟು ಸುತ್ತು ತಿರುಗಿಸಿ, ಒಂದು ಸೇರು ಹುರುಳಿ ಇಸಿದುಕೊಂಡು ಬರುತ್ತಿದ್ದೆ.

ಹೋದ ವರ್ಷ ಗಂಗಕ್ಕ ಒಂದು ಜೊತೆ ಎತ್ತು ಕೊಂಡಳು. ಆಮೇಲೆ ಫೋನ್ ಬಂದಿಲ್ಲ.