ಎರಡು ಮೂತಿ, ಒಂದು ಕಾಯಂ ಹುದ್ದೆ

ನಮ್ಮ ಲ್ಯಾಬಿನಲ್ಲಿ ನಗುವಂಥದ್ದು ಆಗುತ್ತಲೇ ಇರುತ್ತದೆ. ನಗುವ ಸರದಿ ಮಾತ್ರ ಯಾವಾಗಲೂ ಬೇರೆಯವರದು. ಧಾರವಾಡದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ತ್ರೀಡಿ ಪ್ರಿಂಟರ್ ನೋಡಿಕೊಳ್ಳಲು ಗುತ್ತಿಗೆಯ ಮೇಲೆ ಇಬ್ಬರಿದ್ದೆವು: ನಾನು, ಮತ್ತು ನಮ್ಮ ಎಚ್‌ಓಡಿಯವರ ಸೋದರಳಿಯ. ಒಬ್ಬರನ್ನು ಕಾಯಂ ಮಾಡುತ್ತಾರಂತೆ ಎಂದು ಕಿವಿಗೆ ಬಿದ್ದ ದಿನವೇ ನಾನು ಸಂದರ್ಶನಕ್ಕೆಂದು ಸೀರೆ ಇಸ್ತ್ರಿಗೆ ಕೊಟ್ಟೆ.

೧. ಮೂರ್ತಿ

ಪ್ರಿಂಟರಿಗೆ ಎರಡು ನಾಜಲ್. ನಾನು ಮೂತಿ ಎನ್ನುತ್ತೇನೆ. ಒಂದರಿಂದ ಬಿಳಿ ಪ್ಲಾಸ್ಟಿಕ್ ಕರಗಿ ಬರುತ್ತದೆ, ಇನ್ನೊಂದರಿಂದ ಕೆಂಪು. ಒಂದು ಕೆಲಸಕ್ಕಿಳಿದಾಗ ಇನ್ನೊಂದು ಸುಮ್ಮನಿರದೆ ಜೊಲ್ಲು ಸುರಿಸುತ್ತದೆ. ಅದಕ್ಕೇ ಪ್ರಿಂಟರಿಗೆ ಆಜ್ಞೆ ಕೊಡುವ ಸ್ಲೈಸರ್ ಸಾಫ್ಟ್‌ವೇರಿನಲ್ಲಿ, ಮೂತಿ ಬದಲಾಗುವಾಗ ನಡೆಯುವ ಸ್ಕ್ರಿಪ್ಟನ್ನು ನಾನೇ ತಿದ್ದಿ ಬರೆದಿದ್ದೆ: ಕೆಲಸ ಮುಗಿಸಿದ್ದು ತಣ್ಣಗಾಗಲಿ, ಮುಂದಿನದು ಬಿಸಿಯಾಗುವ ತನಕ ಕಾಯಲಿ, ಬಾಯಿ ಒರೆಸಿಕೊಂಡು ಬರಲಿ.

ಕಾಲೇಜಿನ ಸಂಸ್ಥಾಪಕರ ದಿನಾಚರಣೆಗೆಂದು ಅವರ ಬಿಳಿ ಮೂರ್ತಿಯ ತಲೆಗೆ ಕೆಂಪು ರುಮಾಲು ಸುತ್ತಿ ಪ್ರಿಂಟ್ ಮಾಡುವುದಿತ್ತು. ಎಚ್‌ಓಡಿ ಬಂದು ನೋಡಿ, ಮಷಿನ್ ಖಾಲಿ ನಿಲ್ಲುತ್ತಿದೆ, ಟೈಮ್ ಹಾಳು ಎಂದು ಕಾಯುವ, ಒರೆಸುವ ಸಾಲುಗಳನ್ನೆಲ್ಲ ಅಳಿಸಿದರು. ಮೂರ್ತಿ ಹೊರಬಂದಾಗ ಸಂಸ್ಥಾಪಕರ ತುಟಿಯ ಅಂಚಿನಿಂದ ಗದ್ದದವರೆಗೆ ಕೆಂಪು ಇಳಿದಿತ್ತು. ಇನ್ನೊಂದು ಮಾಡಲು ವೇಳೆಯಿರಲಿಲ್ಲ. ಸಂಸ್ಥಾಪಕರ ಮಗ, ಅಂದರೆ ಈಗಿನ ಅಧ್ಯಕ್ಷರು, ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಅಪ್ಪಾರು ಎಲಿ-ಅಡಿಕಿ ಹಾಕ್ಕೋತಿದ್ದದ್ದು ನಿಮಗ ಹೆಂಗ ಗೊತ್ತಾತ್ರಿ?"

ಕಣ್ಣೊರೆಸಿಕೊಂಡು ಅವರು ಶಾಲು ಹೊದಿಸಿದ್ದು ಎಚ್‌ಓಡಿಗೆ.

೨. ಕಂಬ

ಅಳಿಸಿದ ಸಾಲುಗಳನ್ನು ನಾನು ಮತ್ತೆ ಬರೆದೆ. ಮೂತಿ ಒರೆಸಿಕೊಳ್ಳಲೆಂದು ಪ್ರತಿ ಪ್ರಿಂಟಿನ ಪಕ್ಕ ಅದೇ ಪ್ಲಾಸ್ಟಿಕ್ಕಿನ ಒಂದು ಕಂಬ ಏಳುತ್ತದೆ. ಪ್ರಿಂಟ್ ಮುಗಿದ ಮೇಲೆ ಅದು ಕಸ. ತಪಾಸಣೆಗೆ ಬಂದ ಹಿರಿಯರೊಬ್ಬರಿಗೆ ನನ್ನ ಎರಡು ಬಣ್ಣದ ಗಿಯರ್ ಕಣ್ಣಿಗೇ ಬೀಳಲಿಲ್ಲ, ಕಣ್ಣಿಗೆ ಬಿದ್ದದ್ದು ಕಂಬ. ಅಪರೂಪಕ್ಕೆ ಡ್ಯೂಟಿಗೆ ಬಂದಿದ್ದ ಸೋದರಳಿಯ ಅದು ತನ್ನದೇ ಡಿಸೈನ್ ಎಂದುಬಿಟ್ಟ. ಅಲ್ಲರೀ, ಅದು ಕಸ ಎಂದೆ. ಹಿರಿಯರು ನೊಂದುಕೊಂಡರು.

"ಬ್ಯಾರೇದವರ ಕೆಲಸಕ್ಕ ಹಂಗ ಅನಬಾರದವ್ವಾ, ತಂಗಿ."

೩. ಸಂದರ್ಶನ

ಆ ದಿನ ಸೋದರಳಿಯ ಬರಲೇ ಇಲ್ಲ. ಹುಬ್ಬಳ್ಳಿಯಲ್ಲಿ ಯಾರದೋ ಮದುವೆಯಂತೆ. ಅಧ್ಯಕ್ಷರು ನನ್ನನ್ನು ಕೂರಿಸಿಕೊಂಡು ಎಲ್ಲ ವಿಚಾರಿಸಿದರು. ಸ್ಕ್ರಿಪ್ಟ್ ಬರೆದವರು ಯಾರು, ನಾನು. ಕೆಟ್ಟರೆ ರಿಪೇರಿ ಮಾಡುವವರು, ನಾನು. ರವಿವಾರ ಬಂದು ಬೀಗ ತೆಗೆಯುವವರು, ಅದೂ ನಾನೇ. ಅವರಿಗೆ ಬಹಳ ಸಮಾಧಾನವಾಯಿತು, ಚಹಾ ತರಿಸಿದರು.

ಮರುದಿನ ಸೋದರಳಿಯನನ್ನು ಕಾಯಂ ಮಾಡಿದ ಸುದ್ದಿ ಬಂತು. ಸೀದಾ ಹೋಗಿ ಯಾಕೆ ಎಂದು ಕೇಳಿದೆ. ನಾನು ಕೇಳಿದ್ದೇ ಅಧ್ಯಕ್ಷರಿಗೆ ಆಶ್ಚರ್ಯ.

"ನೀವು ಹೆಂಗಿದ್ರೂ ದಿನಾ ಬರ್ತೀರಲ್ರಿ ಮೇಡಂ. ಕಾಯಂ ಮಾಡಿದರ ಅವರೂ ಬಂದಾರು."