“ಕೊಡಿಲ್ಲಿ, ಒಂದ್ನಿಮಿಷ” ಎಂಬ ಮಾತನ್ನು ಮನೆಯಲ್ಲಿ ನಿಷೇಧಿಸುವ ಬಗ್ಗೆ

ಇಂದ:
ತಮ್ಮ ಏಕೈಕ ಪುತ್ರಿ, ಐದನೇ ತರಗತಿ,
ಮಹಡಿ ಮನೆ, ಕಿಟಕಿ ಪಕ್ಕದ ಮೇಜು.

ಗೆ:
ಮಾನ್ಯ ಅಪ್ಪನವರು,
ಬಡಗಿಗಳು ಹಾಗೂ ಅರ್ಜಿದಾರಳ ಸಮಸ್ತ ಶಾಲಾ ಪ್ರಾಜೆಕ್ಟುಗಳ ಸ್ವಯಂಘೋಷಿತ ಗುತ್ತಿಗೆದಾರರು,
ಕೆಳಗಿನ ಮರಗೆಲಸದ ಅಂಗಡಿ.

ವಿಷಯ: ಸೋಮವಾರ ಶಾಲೆಗೆ ಒಪ್ಪಿಸಬೇಕಾದ ಸ್ಟೂಲನ್ನು ಅರ್ಜಿದಾರಳೇ ಮಾಡಲು ಅನುಮತಿ ಕೋರಿ.

ಉಲ್ಲೇಖ: (ಅ) ಟೀಚರ್ ಡೈರಿಯಲ್ಲಿ ಬರೆಸಿದ ಸೂಚನೆ: “ಮನೆಯವರಲ್ಲಿ ಒಬ್ಬರಿಗೆ ಉಪಯೋಗವಾಗುವ ಒಂದು ವಸ್ತು. ಸ್ವಂತ ಕೈಯಿಂದ ಮಾಡಿದ್ದು.” (“ಸ್ವಂತ” ಎಂಬುದರ ಕೆಳಗೆ ಗೆರೆ ಎಳೆಯಿರಿ ಎನ್ನುವಾಗ ಟೀಚರ್ ಇಡೀ ತರಗತಿ ಬಿಟ್ಟು ಅರ್ಜಿದಾರಳನ್ನೇ ನೋಡಿರುತ್ತಾರೆ.)
(ಆ) ನಿನ್ನೆ ಸಂಜೆ ಮೆಟ್ಟಿಲ ಮೇಲೆ ತಾವು ನೀಡಿದ ಮೌಖಿಕ ಹೇಳಿಕೆ: “ಸ್ಟೂಲಾ? ಅದ್ಯಾವ ದೊಡ್ಡ ವಿಷ್ಯ ಬಿಡು ಮಗಳೇ, ನಾನಿದೀನಲ್ಲ.”

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ತಾವು ಇದ್ದೀರಿ ಎಂಬುದೇ ಈ ಅರ್ಜಿಗೆ ಕಾರಣ.

ಇದರಲ್ಲಿ ಬರುವ “ಅವಗಾಹನೆ” ಮುಂತಾದ ಗಡಸು ಪದಗಳನ್ನು ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದ ತಮ್ಮ ತಾಯಿ, ಅಂದರೆ ಅಜ್ಜಿ, ಒದಗಿಸಿದ್ದಾರೆ. ಸಿಟ್ಟು ಮಾತ್ರ ಅರ್ಜಿದಾರಳದ್ದೇ. ಇಷ್ಟು ಬರೆಯುವಷ್ಟರಲ್ಲಿ ಅಜ್ಜಿಯೂ “ಕೊಡಿಲ್ಲಿ ಪುಟ್ಟಿ, ನಾನೇ ಬರೆದ್ಬಿಡ್ತೀನಿ” ಎಂದು ಪೆನ್ನಿಗೆ ಕೈ ಹಾಕಿದ್ದರಿಂದ, ಈ ಕಾಯಿಲೆ ವಂಶದಲ್ಲೇ ಇದೆ ಎಂಬುದು ದೃಢಪಟ್ಟಿರುತ್ತದೆ. ಪೆನ್ನನ್ನು ಮರಳಿ ವಶಪಡಿಸಿಕೊಳ್ಳಲಾಗಿದೆ.

ಪ್ರಕರಣದ ಹಿನ್ನೆಲೆ ಈ ಕೆಳಗಿನಂತಿದೆ:

1. ಮೂರನೇ ತರಗತಿಯಲ್ಲಿ “ನನ್ನ ಮನೆ” ಎಂಬ ಪ್ರಾಜೆಕ್ಟಿಗೆ ಅರ್ಜಿದಾರಳು ಬೆಂಕಿಪೊಟ್ಟಣಗಳಿಂದ ಮನೆ ಕಟ್ಟಿದ್ದಳು. ಗೋಡೆ ಸ್ವಲ್ಪ ವಾಲಿತ್ತು, ಒಪ್ಪಿಕೊಳ್ಳೋಣ. ತಾವು “ಕೊಡಿಲ್ಲಿ, ಒಂದ್ನಿಮಿಷ” ಎಂದು ತೆಗೆದುಕೊಂಡು ಹೋದಿರಿ. ಆ ಒಂದು ನಿಮಿಷ ವಾರಾಂತ್ಯದವರೆಗೂ ನಡೆಯಿತು. ಹೊರಗೆ ಬಂದದ್ದು ಬಾಗಿಲಿಗೆ ಕೀಲು, ಕಿಟಕಿಗೆ ಚಿಲಕ, ಮೈಗೆಲ್ಲ ಪಾಲಿಶ್ ಇರುವ ಮರದ ಬಂಗಲೆ. ಭಲೇ! ಅರ್ಜಿದಾರಳಿಗೆ ಅದನ್ನು ಎತ್ತಲೂ ಆಗದ ಕಾರಣ ತಾವೇ ಹೆಗಲ ಮೇಲೆ ಹೊತ್ತು ತರಗತಿಯವರೆಗೂ ಬಂದಿರಿ. ಈಗ ಅದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿದ್ದು, ಅದರಲ್ಲಿ ಸೀಮೆಸುಣ್ಣಗಳು ಸುಖವಾಗಿ ಸಂಸಾರ ನಡೆಸುತ್ತಿವೆ.

2. ನಾಲ್ಕನೇ ತರಗತಿಯ ಎಲೆಗಳ ಆಲ್ಬಮ್. ಹುಳು ತಿಂದ ಎಲೆ ಕೂಡಿಡುವುದು ಅರ್ಜಿದಾರಳ ಹವ್ಯಾಸವೆಂದು ಮನೆಗೆಲ್ಲ ಗೊತ್ತು. ಒಂದು ಹುಳು ಅಂಚನ್ನಷ್ಟೇ ಮೆಲ್ಲುತ್ತದೆ, ಇನ್ನೊಂದು ನಡುವೆ ತೂತು ಕೊರೆಯುತ್ತದೆ, ಮತ್ತೊಂದು ನರ ಬಿಟ್ಟು ಮಿಕ್ಕಿದ್ದೆಲ್ಲ ತಿಂದು ಹೋಗುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಮ್ಮ “ಅಯ್ಯೋ ಪಾಪ, ಎಲ್ಲಾ ತೂತಾಗಿದಾವಲ್ಲೇ!” ಎಂದು ಅವನ್ನೆಲ್ಲ ಕಸಕ್ಕೆ ಹಾಕಿ, ತೊಳೆದು ಒರೆಸಿದ ಇಡೀ ಎಲೆಗಳನ್ನು ಬ್ಯಾಂಡೇಜ್ ಟೇಪಿನಿಂದ ಅಂಟಿಸಿಕೊಟ್ಟರು. ಆಲ್ಬಮ್ಮಿನ ಹೆಸರು “ಹುಳುಗಳ ಊಟ” ಎಂದಿತ್ತು. ಊಟವೂ ಇಲ್ಲ, ಹುಳುವೂ ಇಲ್ಲ. ಅಮ್ಮನಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಲಾಗುವುದು.

3. ಈ ವರ್ಷದ ಸೇತುವೆ. ಇಲ್ಲಿ ಅರ್ಜಿದಾರಳು ಪೆನ್ನನ್ನು ಒತ್ತಿ ಬರೆದಿರುವುದರಿಂದ ಕಾಗದ ತೂತಾಗಿದ್ದರೆ ಮನ್ನಿಸತಕ್ಕದ್ದು.

ಲೈಬ್ರರಿಯಿಂದ ತಂದ ಸೇತುವೆಗಳ ಪುಸ್ತಕವನ್ನು ಅವಳೂ ಅಜ್ಜಿಯೂ ಮಧ್ಯಾಹ್ನ ಒಟ್ಟಿಗೆ ಕೂತು ಓದುತ್ತಿದ್ದರು. ಅವಳು ಓದುವುದು, ಅಜ್ಜಿ ಚಿತ್ರಕ್ಕೆ ಭೂತಗನ್ನಡಿ ಹಿಡಿಯುವುದು. ಐಸ್‌ಕ್ರೀಮ್ ಕಡ್ಡಿ ಮತ್ತು ದಾರದಿಂದ ಕಟ್ಟಿದ ಸೇತುವೆ ಮೊದಲು ಕಂಪಾಸ್ ಪೆಟ್ಟಿಗೆಯ ಭಾರಕ್ಕೇ ಮುರಿದು ಬಿತ್ತು. ಅಡ್ಡಕ್ಕೆ ಕಡ್ಡಿ ಕೊಟ್ಟಳು, ಮತ್ತೆ ಬಿತ್ತು. ಕೊನೆಗೆ ಕಡ್ಡಿಗಳನ್ನು ತ್ರಿಕೋನವಾಗಿ ಕಟ್ಟಿದ ಮೇಲೆ ಅಜ್ಜಿಯ ದಪ್ಪ ನಿಘಂಟನ್ನೂ ಹೊತ್ತು ನಿಂತಿತು. ಅಜ್ಜಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಅರ್ಜಿದಾರಳು ಖುಷಿ ತಡೆಯಲಾಗದೆ ಅಡುಗೆಮನೆವರೆಗೂ ಓಡಿ ವಾಪಸ್ ಬಂದಳು. ಅಂಥ ಸೇತುವೆಯನ್ನು ತಮಗೆ ತೋರಿಸಲೆಂದು ಅಂಗಡಿಯಲ್ಲಿಟ್ಟು ಸ್ನಾನಕ್ಕೆ ಹೋದದ್ದೇ ಅವಳ ತಪ್ಪು.

ಬರುವಷ್ಟರಲ್ಲಿ ತಾವು ಹೊಸ ಸೇತುವೆಯ ಮರ ಕೊಯ್ದಾಗಿತ್ತು. ಅದಕ್ಕೆ ಅಂಟು ಸವರಲು ಕಡ್ಡಿ ಬೇಕಾಗಿ, ಎದುರಿಗಿದ್ದ ಸೇತುವೆಯಿಂದಲೇ ಒಂದೊಂದಾಗಿ ಕಿತ್ತುಕೊಂಡಿದ್ದಿರಿ. ಕೇಳಿದ್ದಕ್ಕೆ “ಅಯ್ಯೋ, ಅದು ಸ್ಯಾಂಪಲ್ ಅಂದ್ಕೊಂಡೆ ಕಣೇ!” ಎಂದು ನಕ್ಕಿರಿ.

4. ತಮ್ಮ ಸೇತುವೆಗೆ ಮೊದಲ ಬಹುಮಾನ ಬಂತು. ವೇದಿಕೆ ಮೇಲೆ ಟೀಚರ್, “ಇದು ಇಷ್ಟು ಭಾರ ಹೇಗೆ ತಡೆಯುತ್ತೆ, ಎಲ್ರಿಗೂ ಹೇಳಮ್ಮ” ಎಂದರು. ಕಡ್ಡಿ ಸೇತುವೆಯಾಗಿದ್ದರೆ ಅರ್ಜಿದಾರಳ ಬಾಯಿ ಮುಚ್ಚಿಸಲು ಗಂಟೆ ಹೊಡೆಯಬೇಕಾಗುತ್ತಿತ್ತು. ಆದರೆ ಕೈಯಲ್ಲಿದ್ದದ್ದರ ಒಂದು ಕೀಲೂ ಅವಳಿಗೆ ತಿಳಿಯದು. ಆದ್ದರಿಂದ “ಅಪ್ಪನ್ನ ಕೇಳಿ ಹೇಳ್ತೀನಿ ಟೀಚರ್” ಎಂದಳು. ಸಭಾಂಗಣವೆಲ್ಲ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ತಾವು. ಮನೆಗೆ ಬರುವ ದಾರಿಯಲ್ಲಿ ತಾವು ಎದುರಿಗೆ ಸಿಕ್ಕವರಿಗೆಲ್ಲ “ನಮ್ಮ ಹುಡುಗಿ ಫಸ್ಟು!” ಎಂದು ಬೀಗುತ್ತಿದ್ದಾಗ ಅರ್ಜಿದಾರಳು ಹಿಂದೆ ಉಳಿದು ಅತ್ತಿರುತ್ತಾಳೆ. ತಾವು ಗಮನಿಸಿರಲಿಕ್ಕಿಲ್ಲ. ತಮ್ಮ ಕೈಯಲ್ಲಿ ಬಹುಮಾನದ ಕಪ್ ಇತ್ತು.

5. ಇಷ್ಟಾದರೂ ಸಹಿಸಬಹುದಿತ್ತು. ಆದರೆ ಅಂಗಡಿಗೆ ಕೆಲಸ ಕಲಿಯಲು ಬರುವವರ ವಿಷಯದಲ್ಲಿ ತಮ್ಮ ಕಾನೂನೇ ಬೇರೆ. ಅವರ ಕೈಗೆ ಸುತ್ತಿಗೆ ಕೊಟ್ಟು, ಕೈ ಕಟ್ಟಿ ಪಕ್ಕದಲ್ಲಿ ನಿಲ್ಲುತ್ತೀರಿ. ಮೊಳೆ ಡೊಂಕಾದರೆ, “ಆಗ್ಲಿ ಬಿಡಪ್ಪಾ, ಮೊಳೆ ತಾನೇ? ಇನ್ನೊಂದು ತಗೋ” ಎನ್ನುತ್ತೀರಿ. ಇದನ್ನು ಅರ್ಜಿದಾರಳು ಮೆಟ್ಟಿಲ ಮೇಲೆ ಕೂತು ತನ್ನ ಕಿವಿಯಾರೆ ಕೇಳಿರುತ್ತಾಳೆ. ಯಾರದೋ ಮಕ್ಕಳಿಗೆ ಡೊಂಕು ಮೊಳೆ ಹೊಡೆಯುವ ಭಾಗ್ಯ. ಹೆತ್ತ ಮಗಳಿಗೆ ಬರೀ ಕಪ್. ಇದು ಯಾವ ನ್ಯಾಯ ಎಂದು ಅಜ್ಜಿಯನ್ನು ಕೇಳಲಾಗಿ, “ನಿಮ್ಮಪ್ಪನ್ನೇ ಕೇಳು” ಎಂಬ ಉತ್ತರ ಬಂದಿರುತ್ತದೆ.

ಆದ್ದರಿಂದ, ಸದರಿ ಸ್ಟೂಲಿನ ಮರವನ್ನು ಅರ್ಜಿದಾರಳೇ ಅಳೆಯುವುದು, ತಾವು ಹಿಡಿದುಕೊಂಡರೆ ಅವಳೇ ಕೊಯ್ಯುವುದು, ಅವಳೇ ಮೊಳೆ ಹೊಡೆಯುವುದು ಎಂದು ಆದೇಶವಾಗಬೇಕು. ಗರಗಸ ಹಿಡಿಯುವ ಬಗೆಯನ್ನು ತಾವು ಬಾಯಲ್ಲಿ ಹೇಳಿಕೊಡಬಹುದು. ಕೈ ಸುಮ್ಮನಿರದಿದ್ದರೆ ಅವೆರಡನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂರತಕ್ಕದ್ದು. ಎದ್ದು ಹೋಗುವಂತಿಲ್ಲ. ಈ ಅಂಶವನ್ನು ಅರ್ಜಿದಾರಳು ಒತ್ತಿ ಹೇಳುತ್ತಾಳೆ: “ಹಂಗಾದ್ರೆ ನೀನೇ ಮಾಡ್ಕೋ ಹೋಗು” ಎಂದು ಮುನಿಸಿಕೊಳ್ಳುವುದಕ್ಕೂ ಅವಕಾಶವಿರುವುದಿಲ್ಲ. ಅವಳಿಗೆ ಅಪ್ಪ ಪಕ್ಕದಲ್ಲೇ ಬೇಕು.

ಇನ್ನು ಸ್ಟೂಲು ಯಾರಿಗೆಂದು ತಾವು ಇದುವರೆಗೂ ಕೇಳಿಲ್ಲ. ಅಳತೆ ಕೇಳಿದಿರಿ, ಮರ ಯಾವುದೆಂದು ಕೇಳಿದಿರಿ, ಪಾಲಿಶ್ ಬೇಕಾ ಎಂದಿರಿ. ಬೀದಿಯ ಅರ್ಧ ಜನ ತಾವು ಮಾಡಿದ ಕುರ್ಚಿಯ ಮೇಲೆ ಕೂರುತ್ತಾರೆ. ತಾವು ಮಾತ್ರ ಅರ್ಜಿದಾರಳಿಗೆ ಬುದ್ಧಿ ಬಂದಾಗಿನಿಂದಲೂ ಬೋರಲು ಹಾಕಿದ ಪೇಂಟ್ ಡಬ್ಬದ ಮೇಲೆ ಕೂತು, ಸಂಜೆ “ಅಮ್ಮಾ ಸೊಂಟ” ಎನ್ನುತ್ತಾ ಮೆಟ್ಟಿಲು ಹತ್ತಿ ಬರುತ್ತೀರಿ. ಕಾರಣ, ಸದರಿ ಸ್ಟೂಲು ತಮಗೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಮಗಳು

ಲಗತ್ತುಗಳು:
1. ಅಂಟು ಮೆತ್ತಿದ ಐಸ್‌ಕ್ರೀಮ್ ಕಡ್ಡಿಗಳು, ಒಂದು ಹಿಡಿ.
2. ಅಭ್ಯಾಸಕ್ಕೆಂದು ಅರ್ಜಿದಾರಳು ಗುಟ್ಟಾಗಿ ಹೊಡೆದ ಮೊಳೆಗಳು (ಎಲ್ಲವೂ ಡೊಂಕು).
3. ಅಜ್ಜಿಯ ಶಿಫಾರಸು: “ಮಗನೇ, ಸಹಿ ಹಾಕು.”

ವಿಶೇಷ ಸೂಚನೆ: ಸ್ಟೂಲು ಸಿದ್ಧವಾದೊಡನೆ ಮೊದಲು ತಾವೇ ಪೂರ್ತಿ ಭಾರ ಬಿಟ್ಟು ಕೂರತಕ್ಕದ್ದು. ಅಲ್ಲಾಡಿದರೂ ಏಳಕೂಡದು. ಸ್ಟೂಲಿನ ಕಾಲಿನ ಕೆಳಗೆ ಮಡಚಿಡಲು ಈ ಅರ್ಜಿಯನ್ನು ಬಳಸಕೂಡದು.